ಕಾಯುವ ಕೆಲಸ ನಮಗೆ ಕೊಟ್ಟದ್ದು

"ಭೂಮಿಯ ಮೇಲೆ ದೊರೆತನ ಮಾಡಿರಿ ಅಂತ ದೇವರೇ ಹೇಳಿದ್ದಾರಲ್ಲ, ಪಾಸ್ಟರ್?" ಬೈಬಲ್ ಅಧ್ಯಯನದಲ್ಲಿ ಪರಿಸರದ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ. ಆದಿಕಾಂಡ 1:28ರಲ್ಲಿ ಆ ಮಾತು ಇದೆ, ನಿಜ. 1967ರಲ್ಲಿ ಇತಿಹಾಸಕಾರ ಲಿನ್ ವೈಟ್ ಈ ಬಗೆಯ ಓದನ್ನೇ ಹಿಡಿದು, ಪರಿಸರ ಕೆಟ್ಟದ್ದರಲ್ಲಿ ಕ್ರೈಸ್ತರ ತಪ್ಪು ದೊಡ್ಡದು ಎಂದು ಬರೆದರು. ಓದುವಾಗ ನೋವಾಗುತ್ತದೆ. ಆದರೂ ಕೇಳಿಸಿಕೊಳ್ಳಬೇಕಾದ ಮಾತು.

ಕೇಳಿದವರಿಗೆ ನಾನು ಮುಂದಿನ ಅಧ್ಯಾಯ ಓದಿಸುತ್ತೇನೆ. 2:15ರಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಡುತ್ತಾರೆ. ವ್ಯವಸಾಯ ಮಾಡುವುದಕ್ಕೆ, ಕಾಯುವುದಕ್ಕೆ. ಹೀಬ್ರೂವಿನಲ್ಲಿ ಮೊದಲನೆಯ ಪದ 'ಆವದ್'. ಉಳುವುದಕ್ಕೂ ಅದೇ ಪದ, ಸೇವೆ ಮಾಡುವುದಕ್ಕೂ ಅದೇ ಪದ. ಎರಡನೆಯದು 'ಶಾಮರ್'. ಆರಾಧನೆಯ ಕೊನೆಗೆ, ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ ಅನ್ನುತ್ತೇವಲ್ವಾ? ಬೈಬಲಿನ ಅರಣ್ಯಕಾಂಡ 6:24ರ ಆ 'ಕಾಪಾಡು' ಕೂಡ ಇದೇ ಶಾಮರ್. ದೇವರು ನಮ್ಮನ್ನು ಹೇಗೆ ಕಾಪಾಡಲಿ ಅಂತ ಬೇಡುತ್ತೇವೋ, ತೋಟವನ್ನು ಹಾಗೇ ಕಾಪಾಡು ಅಂತ ನಮಗೆ ಹೇಳಿದ್ದಾರೆ. ಇದು ಮೊದಲ ಸಲ ಕಣ್ಣಿಗೆ ಬಿದ್ದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಬೈಬಲಿನ ಧರ್ಮಶಾಸ್ತ್ರದ, ಅಂದರೆ ಮೋಶೆಯ ಮೂಲಕ ಬಂದ, ನಿಯಮಗಳೂ ಇದೇ ದಾರಿಯಲ್ಲಿವೆ. ಏಳನೇ ವರ್ಷ ಹೊಲಕ್ಕೆ ಬಿಡುವು ಕೊಡಬೇಕು. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬಾರದು. ಗೂಡು ಸಿಕ್ಕರೆ ಮರಿಗಳ ಜೊತೆ ತಾಯಿಹಕ್ಕಿಯನ್ನೂ ಹಿಡಿಯಬಾರದು. ಯಾಜಕಕಾಂಡ 25:23ರಲ್ಲಂತೂ ದೇವರು, ಭೂಮಿ ನನ್ನದು ಅಂತ ನೇರವಾಗಿಯೇ ಹೇಳುತ್ತಾರೆ. ಹಾಗಾದರೆ ನಮ್ಮ ದೊರೆತನ ಮಾಲೀಕನದ್ದಲ್ಲ. ಯಜಮಾನನಿಗೆ ಲೆಕ್ಕ ಒಪ್ಪಿಸಬೇಕಾದ ಮನೆವಾರ್ತೆಯವನದ್ದು.

"ಈ ಲೋಕ ಹೇಗೂ ಸುಟ್ಟುಹೋಗುತ್ತದಲ್ಲ?" ಎಂದು ಬೈಬಲಿನಲ್ಲಿರುವ ಪೇತ್ರನ ಪತ್ರಿಕೆ (ಪತ್ರ) ತೋರಿಸುವವರೂ ಇದ್ದಾರೆ. ಅವರಿಗೆ ನಾನು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ತೋರಿಸುತ್ತೇನೆ. ಇಡೀ ಸೃಷ್ಟಿ ನರಳುತ್ತಾ ಬಿಡುಗಡೆಗೆ ಕಾಯುತ್ತಿದೆ ಅನ್ನುತ್ತಾನೆ ಪೌಲ. ದೇವರು ಬಿಡಿಸಬೇಕೆಂದಿರುವುದನ್ನು ನಾವು ಹಾಳುಮಾಡುವುದು ಹೇಗೆ?

ಆರ್ಥೊಡಾಕ್ಸ್ ಕ್ರೈಸ್ತ ಸಭೆಯ ಹಿರಿಯ ಧರ್ಮಗುರು (ಪೇಟ್ರಿಯಾರ್ಕ್) ಬಾರ್ತಲೊಮಿಯೊ 1997ರಲ್ಲಿ, ಪ್ರಕೃತಿಯನ್ನು ಕೆಡಿಸುವುದು ಪಾಪ ಎಂದೇ ಹೇಳಿದರು. ತಪ್ಪು ಅಂದರೆ ತಿದ್ದಿಕೊಂಡರಾಯಿತು ಅಂದುಕೊಳ್ಳುತ್ತೇವೆ. ಪಾಪ ಅಂದಾಗ ಮೊದಲು ಮೊಣಕಾಲೂರಬೇಕಾಗುತ್ತದೆ. ಅದಕ್ಕೇ ನಮ್ಮ ಸಭೆಯ ಪಾಪ ಅರಿಕೆಯ ಪ್ರಾರ್ಥನೆಗೆ ಒಂದು ಸಾಲು ಸೇರಿಸಿದೆವು: ಕೆಡಿಸಿದ ನೀರಿಗಾಗಿ, ಬೇಕಿಲ್ಲದೆ ಕಡಿದ ಮರಕ್ಕಾಗಿ ಕ್ಷಮಿಸು. ಮೊದಲ ಭಾನುವಾರ ಕೆಲವರು ಆ ಸಾಲು ಹೇಳದೆ ಬಾಯಿ ಮುಚ್ಚಿಕೊಂಡಿದ್ದರು. ಅವರಲ್ಲೇ ಒಬ್ಬರು ಮುಂದಿನ ಕಮಿಟಿ ಸಭೆಯಲ್ಲಿ, ನಮ್ಮ ಹಾಲ್‌ನ ಕೊಳೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು.