ಎಷ್ಟು ಟನ್ ಹಿಡಿದರು ಎಂಬುದರಿಂದ ಯಾರು ತಿಂದರು ಎಂಬುದರವರೆಗೆ

ಮೀನಿನ ವಿಷಯದಲ್ಲಿ ಸರ್ಕಾರಗಳು ಬಹುಕಾಲ ಎರಡೇ ಲೆಕ್ಕ ಇಟ್ಟವು. ಎಷ್ಟು ಟನ್ ಸಿಕ್ಕಿತು? ರಫ್ತಿನಿಂದ ಎಷ್ಟು ದುಡ್ಡು ಬಂತು? ಅದನ್ನು ಯಾರು ತಿಂದರು, ತಿಂದವರ ಮೈಗೆ ಏನು ಹತ್ತಿತು ಎಂದು ಕೇಳತೊಡಗಿದ್ದು ತೀರಾ ಇತ್ತೀಚೆಗೆ.

ಎರಡನೇ ಮಹಾಯುದ್ಧದ ನಂತರ ದೊಡ್ಡ ಎಂಜಿನ್, ನೈಲಾನ್ ಬಲೆ, ಹಡಗಿನಲ್ಲೇ ಮೀನು ಕೆಡದಂತೆ ಇಡುವ ವ್ಯವಸ್ಥೆ ಎಲ್ಲವೂ ಬಂದವು. ಸಮುದ್ರಕ್ಕೆ ಕೊನೆಯೇ ಇಲ್ಲ ಅನ್ನುವಂತೆ ಹಿಡಿದರು. ಪೆರುವಿನಲ್ಲಿ ಆದದ್ದು ನೋಡಿ. ಅಲ್ಲಿನ ಆಂಚೊವೆಟಾ ಎಂಬ ಸಣ್ಣ ಮೀನನ್ನು 1970ರಲ್ಲಿ 1.2 ಕೋಟಿ ಟನ್‌ಗೂ ಜಾಸ್ತಿ ಹಿಡಿದರು. ಅದು ಜನರ ಊಟಕ್ಕೆ ಬರಲಿಲ್ಲ. ಹೆಚ್ಚುಕಡಿಮೆ ಎಲ್ಲವೂ ಫಿಶ್‌ಮೀಲ್, ಅಂದರೆ ಒಣಗಿಸಿದ ಮೀನಿನ ಪುಡಿ ಆಗಿ ಬೇರೆ ದೇಶಗಳ ಕೋಳಿ, ಹಂದಿಗಳ ಮೇವಾಯಿತು. ಮಿತಿಮೀರಿ ಹಿಡಿದದ್ದರ ಮೇಲೆ 1972ರಲ್ಲಿ ಪೆಸಿಫಿಕ್ ಸಮುದ್ರದ ನೀರನ್ನು ಬಿಸಿ ಮಾಡುವ ಎಲ್ ನಿನೊ ಬೇರೆ ಬಂತು. ನೋಡನೋಡುತ್ತಲೇ ಮೀನು ಕುಸಿಯಿತು. 1992ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30 ಸಾವಿರ ಜನ ಕೆಲಸ ಕಳೆದುಕೊಂಡರು.

ಇದರ ಬಿಸಿ ತಟ್ಟಿದ ಮೇಲೆ, 1995ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜವಾಬ್ದಾರಿಯ ಮೀನುಗಾರಿಕೆಗೆ ನೀತಿ ಸಂಹಿತೆ ತಂದಿತು. ಒಳ್ಳೆಯ ಹೆಜ್ಜೆ. ಆದರೂ ಮಾತೆಲ್ಲ ಹೆಚ್ಚಾಗಿ ಮೀನಿನ ಸಂತತಿ ಉಳಿಸುವುದರ ಸುತ್ತಲೇ ಇತ್ತು.

ಲೆಕ್ಕದ ದಿಕ್ಕು ತಿರುಗಿಸಿದ ಕೆಲಸ ನಡೆದದ್ದು ಬಾಂಗ್ಲಾದೇಶದ ಕೆರೆಗಳಲ್ಲಿ. ಅಲ್ಲಿ ಮೊಲಾ ಎಂಬ ಬೆರಳುದ್ದದ ಮೀನಿದೆ. ರೋಹು, ಕಾಟ್ಲಾ ಸಾಕುವವರಿಗೆ ಅದು ಕಳೆಯಿದ್ದ ಹಾಗೆ. ಮರಿ ಬಿಡುವ ಮೊದಲು ಕೆರೆಗೆ ವಿಷ ಹಾಕಿ ಇಂಥ ಸಣ್ಣ ಮೀನುಗಳನ್ನು ಕೊಲ್ಲುತ್ತಿದ್ದರು. ಟ್ರಿನಿಡಾಡ್ ಮೂಲದ ಪೌಷ್ಟಿಕತಜ್ಞೆ ಶಕುಂತಲಾ ಥಿಲ್‌ಸ್ಟೆಡ್ ಮತ್ತು ಜೊತೆಗಾರರು ಇದೇ ಮೀನನ್ನು ಪರೀಕ್ಷಿಸಿದಾಗ ಅದರಲ್ಲಿ ವಿಟಮಿನ್ ಎ ತುಂಬಿಕೊಂಡಿತ್ತು. ಅದರ ಬಹುಪಾಲು ಇದ್ದದ್ದು ಕಣ್ಣು ಮತ್ತು ಒಳಭಾಗಗಳಲ್ಲಿ. ದೊಡ್ಡ ಮೀನಾದರೆ ತಲೆ, ಮುಳ್ಳು ತೆಗೆದು ಮಾಂಸ ಮಾತ್ರ ತಿನ್ನುತ್ತಾರೆ, ಅಲ್ವಾ? ಸಣ್ಣದನ್ನು ತಲೆ, ಮುಳ್ಳು ಸಮೇತ ಇಡಿಯಾಗಿ ತಿನ್ನಬಹುದು. ಹಾಗಾಗಿ ಕ್ಯಾಲ್ಸಿಯಂ, ಕಬ್ಬಿಣ, ಸತು ಕೂಡ ಜೊತೆಗೇ ಸಿಗುತ್ತವೆ. ಒಂದೇ ಕೆರೆಯಲ್ಲಿ ಮೊಲಾ ಇದ್ದರೂ ದೊಡ್ಡ ಮೀನಿನ ಇಳುವರಿಗೆ ಪೆಟ್ಟು ಬೀಳುವುದಿಲ್ಲ ಎಂಬುದನ್ನೂ ಪ್ರಯೋಗಗಳು ತೋರಿಸಿದವು. ದೊಡ್ಡ ಮೀನು ಮಾರಾಟಕ್ಕೆ, ಸಣ್ಣದು ಮನೆಯ ಮಕ್ಕಳಿಗೆ. 2021ರ ವಿಶ್ವ ಆಹಾರ ಪ್ರಶಸ್ತಿ ಥಿಲ್‌ಸ್ಟೆಡ್ ಅವರಿಗೆ ಬಂತು. ಸಲ್ಲಬೇಕಾದವರಿಗೇ ಸಂದಿತು ಎಂದು ನನಗನ್ನಿಸುತ್ತದೆ.

ಜಾಗತಿಕ ನೀತಿ ಮಾತ್ರ ಈ ವೇಗಕ್ಕೆ ಬರಲಿಲ್ಲ. ವಿಶ್ವಸಂಸ್ಥೆಯ 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 2ನೆಯದು ಹಸಿವಿನದು, 14ನೆಯದು ಸಮುದ್ರದ್ದು. 14ನೇ ಗುರಿಯ ಅಂಶಗಳಲ್ಲಿ ಮಾಲಿನ್ಯ ಇದೆ, ಅತಿ ಮೀನುಗಾರಿಕೆ ಇದೆ, ಸಣ್ಣ ಮೀನುಗಾರರ ಹಕ್ಕೂ ಇದೆ. ಪೌಷ್ಟಿಕತೆಯ ಮಾತು ಇಲ್ಲ. ಆಹಾರವನ್ನೂ ನೀರನ್ನೂ ಬೇರೆ ಬೇರೆ ಕಡತದಲ್ಲಿ ಇಟ್ಟರೆ ಹೀಗೇ ಆಗುವುದು. 2021ರ ವಿಶ್ವಸಂಸ್ಥೆ ಆಹಾರ ವ್ಯವಸ್ಥೆ ಶೃಂಗಸಭೆಯ ಹೊತ್ತಿಗೆ ಮೀನು, ಸಿಗಡಿ, ಚಿಪ್ಪು ಜೀವಿ, ಸಮುದ್ರ ಪಾಚಿ ಎಲ್ಲವನ್ನೂ ಒಟ್ಟಿಗೆ ‘ನೀರಿನ ಆಹಾರ’ವಾಗಿ ನೋಡುವುದು ರೂಢಿಗೆ ಬಂದಿತ್ತು.

ಈ ನಡುವೆ ಮೀನು ಸಾಕಣೆ ಭಾರಿ ಬೆಳೆದಿದೆ. 2022ರಲ್ಲಿ ಜಲಪ್ರಾಣಿಗಳ ಉತ್ಪಾದನೆಯಲ್ಲಿ ಸಾಕಿದ್ದು ಮೊದಲ ಬಾರಿಗೆ ಹಿಡಿದದ್ದನ್ನು ಮೀರಿಸಿತು: ಸುಮಾರು 51%. ತಲಾ ಬಳಕೆ 1961ರಲ್ಲಿ ವರ್ಷಕ್ಕೆ 9 ಕಿಲೋ ಇದ್ದದ್ದು ಈಗ 20 ಕಿಲೋ ದಾಟಿದೆ. ಕೇಳಲು ಚೆನ್ನಾಗಿದೆ. ಆದರೆ ಸಾಕಿದ ಸಾಲ್ಮನ್, ಸಿಗಡಿಗೂ ಮೇವು ಬೇಕು. ಆ ಮೇವಿನಲ್ಲಿ ಫಿಶ್‌ಮೀಲ್ ಇದೆ, ಫಿಶ್‌ಮೀಲ್‌ಗೆ ಸಣ್ಣ ಮೀನು ಬೇಕು. ಪಶ್ಚಿಮ ಆಫ್ರಿಕಾದ ಮೌರಿಟಾನಿಯಾ, ಸೆನೆಗಲ್, ಗ್ಯಾಂಬಿಯಾ ಕರಾವಳಿಯ ಸಾರ್ಡಿನೆಲ್ಲಾ ಎಂಬ ಸಣ್ಣ ಮೀನು ಈಗ ಕಾರ್ಖಾನೆಗಳ ಪಾಲಾಗುತ್ತಿದೆ. ಅದನ್ನು ಹೊಗೆಯಲ್ಲಿ ಒಣಗಿಸಿ ಒಳನಾಡಿಗೆ ಮಾರುತ್ತಿದ್ದ ಹೆಂಗಸರು ಕಾರ್ಖಾನೆಯವರ ಜೊತೆ ಪೈಪೋಟಿಗೆ ಬಿದ್ದು ಮೀನು ಕೊಳ್ಳಬೇಕಾಗಿದೆ.

ಮೀನು ಯಾರ ಹೊಟ್ಟೆಗೆ ಎಂದು ಪೆರುವಿನಲ್ಲಿ ಕೇಳದೇ ಬಿಟ್ಟ ಪ್ರಶ್ನೆಯನ್ನು ಇಲ್ಲಾದರೂ ಕೇಳಬೇಕಿತ್ತು. ವಿಶ್ವ ವ್ಯಾಪಾರ ಸಂಸ್ಥೆ 2022ರಲ್ಲಿ ಒಪ್ಪಿದ ಮೀನುಗಾರಿಕೆ ಸಬ್ಸಿಡಿ ಒಪ್ಪಂದ 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿದೆ. ಅಕ್ರಮವಾಗಿ ಹಿಡಿಯುವವರಿಗೆ ಸಬ್ಸಿಡಿ ಕೊಡುವಂತಿಲ್ಲ ಎಂದು ಅದು ಹೇಳುತ್ತದೆ. ಹಿಡಿದ ಮೀನು ಜನರ ತಟ್ಟೆಗೆ ಹೋಗಬೇಕೋ ಮೇವಿನ ಕಾರ್ಖಾನೆಗೋ ಎಂಬುದು ಆ ಒಪ್ಪಂದದ ವಿಷಯವೇ ಅಲ್ಲ.