ದತ್ತಾಂಶವಿರುವಲ್ಲಿಗೇ ಹೊರಟ ಹುಡುಕಾಟ

ದತ್ತಾಂಶಕ್ಕೆ ಮೊದಲೇ ಸೂಚಿ (ಯಾವುದು ಎಲ್ಲಿದೆಯೆಂದು ತೋರುವ ಪಟ್ಟಿ) ಸಿದ್ಧವಾಗಿದ್ದರೆ ಹುಡುಕುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಸೂಚಿಯೇ ಇಲ್ಲದ ಕಡೆ. ಜಾಲದಲ್ಲಿ ಹರಿದು ಬರುವ ಮಾಹಿತಿ, ಸರ್ವರ್‌ಗಳ ದಾಖಲೆಗಳು, ವಂಶವಾಹಿ ಸರಣಿಗಳು ಇವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿಯೇ ತೀರಬೇಕಾಗುತ್ತದೆ. ಸಾಮಾನ್ಯ ಕಂಪ್ಯೂಟರ್ ಇದಕ್ಕಾಗಿ ಪ್ರತಿಯೊಂದು ಬೈಟನ್ನೂ ಡಿಸ್ಕಿನಿಂದ ಮೆಮೊರಿಗೆ, ಅಲ್ಲಿಂದ ಪ್ರೊಸೆಸರಿಗೆ ಸಾಗಿಸಿ, ಪರೀಕ್ಷಿಸಿ, ಹೆಚ್ಚಿನದನ್ನು ಬೇಡವೆಂದು ಬಿಟ್ಟುಬಿಡುತ್ತದೆ. ಈ ವ್ಯರ್ಥ ಸಾಗಾಟವನ್ನು ತಪ್ಪಿಸುವುದು ಹೇಗೆಂಬ ಪ್ರಶ್ನೆಗೆ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ.

ಡಿಸ್ಕಿನ ಪ್ರತಿಯೊಂದು ಟ್ರ್ಯಾಕಿಗೂ, ಅಂದರೆ ದತ್ತಾಂಶವನ್ನು ಬರೆದಿಡುವ ವೃತ್ತಕ್ಕೂ, ಸ್ವಲ್ಪ ತರ್ಕಮಂಡಲವನ್ನು (ಲಾಜಿಕ್ ಸರ್ಕ್ಯೂಟ್) ಜೋಡಿಸಿ, ಬೇಕಾದುದನ್ನು ಅಲ್ಲಿಯೇ ಆರಿಸಬಹುದೆಂದು ಅಮೆರಿಕದ ಕಂಪ್ಯೂಟರ್ ವಿನ್ಯಾಸಕಾರ ಡೇನಿಯಲ್ ಸ್ಲಾಟ್ನಿಕ್ 1970ರಲ್ಲಿ ಸೂಚಿಸಿದರು. ಬ್ರಿಟನ್ನಿನ ಐಸಿಎಲ್ ಕಂಪನಿ ಇದೇ ಜಾಡಿನಲ್ಲಿ ಮುಂದುವರಿದು, ಡಿಸ್ಕಿನಿಂದ ದತ್ತಾಂಶ ಹೊರಬರುತ್ತಿರುವಾಗಲೇ ಅದನ್ನು ಸೋಸುವ ‘ಕಾಫ್ಸ್’ ಎಂಬ ಯಂತ್ರವನ್ನು ಮಾರುಕಟ್ಟೆಗೂ ತಂದಿತು. ಆದರೆ 1983ರಲ್ಲಿ ಸಂಶೋಧಕರಾದ ಹರಾನ್ ಬೊರಾಲ್ ಮತ್ತು ಡೇವಿಡ್ ಡಿವಿಟ್ ಇಂಥ ಡೇಟಾಬೇಸ್ ಯಂತ್ರಗಳ ಕಾಲ ಮುಗಿಯಿತೇ ಎಂದು ತಮ್ಮ ಪ್ರಬಂಧದ ಶೀರ್ಷಿಕೆಯಲ್ಲಿಯೇ ಕೇಳಿದರು. ಡಿಸ್ಕು ದತ್ತಾಂಶವನ್ನು ಕೊಡುವ ವೇಗವೇ ಹೆಚ್ಚದಿರುವಾಗ ಅದನ್ನು ಪರೀಕ್ಷಿಸುವ ಯಂತ್ರವನ್ನು ಎಷ್ಟು ಚುರುಕಾಗಿಸಿದರೂ ಫಲವಿಲ್ಲವೆಂಬುದು ಅವರ ಮುಖ್ಯ ವಾದವಾಗಿತ್ತು. ಜೊತೆಗೆ, ವಿಶೇಷ ಯಂತ್ರವೊಂದು ರೂಪುಗೊಳ್ಳಲು ವರ್ಷಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ಸಾಮಾನ್ಯ ಪ್ರೊಸೆಸರುಗಳು ಅದನ್ನು ಹಿಂದೆ ಹಾಕುತ್ತಿದ್ದವು. ನನ್ನ ದೃಷ್ಟಿಯಲ್ಲಿ ಆಗ ಸೋತದ್ದು ದತ್ತಾಂಶದ ಬಳಿಯಲ್ಲಿಯೇ ಹುಡುಕಬೇಕೆಂಬ ವಿಚಾರವಲ್ಲ, ಒಮ್ಮೆ ತಯಾರಾದ ಮೇಲೆ ಬದಲಾಗಲಾರದ ಯಂತ್ರ.

ಬದಲಾಗಬಲ್ಲ ಯಂತ್ರದ ಕಲ್ಪನೆ ಇದಕ್ಕೂ ಹಳೆಯದು. ಸ್ಥಿರವಾದ ಕಂಪ್ಯೂಟರಿನ ಪಕ್ಕದಲ್ಲಿ, ಕೆಲಸಕ್ಕೆ ತಕ್ಕಂತೆ ರಚನೆಯನ್ನು ಬದಲಿಸಿಕೊಳ್ಳುವ ಇನ್ನೊಂದು ಭಾಗವಿರಬೇಕೆಂದು ಕ್ಯಾಲಿಫೋರ್ನಿಯಾದ ಜೆರಾಲ್ಡ್ ಎಸ್ಟ್ರಿನ್ 1960ರಲ್ಲಿಯೇ ಬರೆದಿದ್ದರು. ಅದಕ್ಕೆ ತಕ್ಕ ಚಿಪ್ ಬಂದದ್ದು 1985ರಲ್ಲಿ, ಕ್ಸೈಲಿಂಕ್ಸ್ ಕಂಪನಿಯ ಎಕ್ಸ್‌ಸಿ2064 ರೂಪದಲ್ಲಿ. ತಯಾರಾದ ಮೇಲೂ ಒಳರಚನೆಯನ್ನು ಬದಲಿಸಬಹುದಾದ, ಎಫ್‌ಪಿಜಿಎ ಎಂಬ ವರ್ಗದ ಈ ಚಿಪ್ಪಿನಲ್ಲಿ ಕೇವಲ 64 ತರ್ಕಘಟಕಗಳಿದ್ದವು. ಇಂಥ ಘಟಕದ ಒಳಗಿರುವುದು ಒಂದು ಪುಟ್ಟ ಕೋಷ್ಟಕ. ಒಳಬರುವ ತಂತಿಗಳು ನಾಲ್ಕಾದರೆ ಕೋಷ್ಟಕದಲ್ಲಿ 16 ಬಿಟ್‌ಗಳು. ಆ ಬಿಟ್‌ಗಳನ್ನು ಬದಲಿಸಿದರೆ ಘಟಕದ ಕೆಲಸವೇ ಬದಲಾಗುತ್ತದೆ.

ಹುಡುಕಾಟಕ್ಕೆ ಇದು ಹೇಗೆ ಒದಗುತ್ತದೆಂದು ತಿಳಿಯಲು ‘ಮಳೆ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಸಂಕೇತದಲ್ಲಿ ಇದು ಒಂಬತ್ತು ಬೈಟ್‌ಗಳಾಗುತ್ತದೆ: ‘ಮ’ಕ್ಕೆ ಮೂರು, ‘ಳ’ಕ್ಕೆ ಮೂರು, ಎಕಾರದ ಚಿಹ್ನೆಗೆ ಮೂರು. ಚಿಪ್ಪಿನಲ್ಲಿ ಒಂಬತ್ತು ಮೆಟ್ಟಿಲುಗಳ ಒಂದು ಸಾಲನ್ನು ರಚಿಸಲಾಗುತ್ತದೆ. ಗಡಿಯಾರದ ಪ್ರತಿ ಬಡಿತಕ್ಕೂ ಒಂದು ಹೊಸ ಬೈಟ್ ಎಲ್ಲ ಮೆಟ್ಟಿಲುಗಳಿಗೂ ಏಕಕಾಲದಲ್ಲಿ ತಲುಪುತ್ತದೆ. ಹಿಂದಿನ ಮೆಟ್ಟಿಲು ಕಳೆದ ಬಡಿತದಲ್ಲಿ ‘ಹೌದು’ ಎಂದಿದ್ದು, ಈಗ ಬಂದ ಬೈಟ್ ತನಗೆ ಬೇಕಾದದ್ದೇ ಆಗಿದ್ದರೆ ಮಾತ್ರ ಮೆಟ್ಟಿಲೊಂದು ತಾನೂ ‘ಹೌದು’ ಎನ್ನುತ್ತದೆ. ಒಂಬತ್ತನೆಯದು ‘ಹೌದು’ ಎಂದ ಕ್ಷಣ ಪದ ಸಿಕ್ಕಂತೆ. ಇಂಥ ನೂರಾರು ಸಾಲುಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ, ಒಂದೇ ಓದಿನಲ್ಲಿ ನೂರಾರು ಪದಗಳನ್ನು ಹುಡುಕಬಹುದು; ಚಿಪ್ಪಿನಲ್ಲಿ ಸ್ಥಳವಿರುವವರೆಗೆ ವೇಗ ಹೆಚ್ಚೇನೂ ಕುಗ್ಗುವುದಿಲ್ಲ. ಈ ವಿಧಾನದ ಸೊಗಸು ಇರುವುದು ಇಲ್ಲಿಯೇ.

1990ರ ದಶಕದ ಆರಂಭದಲ್ಲಿ ಅಮೆರಿಕದ ಸ್ಪ್ಲ್ಯಾಶ್ 2 ಯಂತ್ರ ವಂಶವಾಹಿ ಸರಣಿಗಳ ಹೋಲಿಕೆಯನ್ನು ಹೀಗೆ ಚಿಪ್‌ಗಳಿಗೆ ವಹಿಸಿತು. 2001ರಲ್ಲಿ ಸಂಶೋಧಕರಾದ ಸಿಧು ಮತ್ತು ಪ್ರಸನ್ನ ಸಂಕೀರ್ಣ ಪದವಿನ್ಯಾಸಗಳನ್ನೂ (ರೆಗ್ಯುಲರ್ ಎಕ್ಸ್‌ಪ್ರೆಶನ್) ಎಫ್‌ಪಿಜಿಎಯಲ್ಲಿ ಹೊಂದಿಸುವ ವಿಧಾನವನ್ನು ತೋರಿಸಿದರು. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮರ್ಕ್ಯುರಿ ಯೋಜನೆ ಈ ಚಿಪ್ಪನ್ನು ಡಿಸ್ಕಿನ ಸಮೀಪಕ್ಕೆ ಒಯ್ದಿತು. ದತ್ತಾಂಶ ಕೋಷ್ಟಕದ ಬೇಡದ ಅಡ್ಡಸಾಲುಗಳನ್ನೂ ಕಂಬಸಾಲುಗಳನ್ನೂ ದಾರಿಯಲ್ಲಿಯೇ ಸೋಸಿಬಿಡುವ ನೆಟೀಝಾ ಕಂಪನಿಯ ಯಂತ್ರಗಳು ಇದೇ ತತ್ವವನ್ನು ವಾಣಿಜ್ಯಕ್ಕೆ ತಂದವು. ಆ ಕಂಪನಿಯನ್ನು 2010ರಲ್ಲಿ ಐಬಿಎಂ ಕೊಂಡುಕೊಂಡಿತು.

ಅಷ್ಟರಲ್ಲಿ 1983ರ ಆಕ್ಷೇಪದ ಆಧಾರವೂ ಸಡಿಲವಾಗಿತ್ತು. 2000ದ ದಶಕದ ನಡುವಿನಲ್ಲಿ, ಶಾಖ ಮತ್ತು ವಿದ್ಯುತ್ತಿನ ಮಿತಿಯಿಂದಾಗಿ ಪ್ರೊಸೆಸರುಗಳ ಗಡಿಯಾರದ ವೇಗ ಹೆಚ್ಚುಕಡಿಮೆ ನಿಂತುಹೋಯಿತು. ಫ್ಲ್ಯಾಶ್ ಸಂಗ್ರಹಣೆ ಬಂದ ಮೇಲಂತೂ ದತ್ತಾಂಶ ಪ್ರೊಸೆಸರ್ ತಾಳಲಾರದಷ್ಟು ರಭಸದಲ್ಲಿ ಹರಿಯತೊಡಗಿತು. ಮೈಕ್ರೋಸಾಫ್ಟ್ 2014ರಲ್ಲಿ ಪ್ರಕಟಿಸಿದ ಕ್ಯಾಟಪಲ್ಟ್ ಪ್ರಯೋಗದಲ್ಲಿ 1,632 ಸರ್ವರ್‌ಗಳಿಗೆ ಎಫ್‌ಪಿಜಿಎ ಅಳವಡಿಸಲಾಗಿತ್ತು. ಬಿಂಗ್ ಹುಡುಕಾಟದಲ್ಲಿ ಪುಟಗಳಿಗೆ ಶ್ರೇಣಿ ನೀಡುವ ಕೆಲಸದಲ್ಲಿ, ವಿಳಂಬ ಹೆಚ್ಚದಂತೆ ನೋಡಿಕೊಂಡೇ, ಪ್ರತಿ ಸರ್ವರ್ ನಿಭಾಯಿಸುವ ಪ್ರಮಾಣ 95% ಏರಿತು. ಮರುವರ್ಷ ಇಂಟೆಲ್, ಎಫ್‌ಪಿಜಿಎ ತಯಾರಿಸುವ ಅಲ್ಟೆರಾ ಕಂಪನಿಯನ್ನು 1,670 ಕೋಟಿ ಡಾಲರಿಗೆ ಕೊಂಡಿತು. 2022ರಲ್ಲಿ ಕ್ಸೈಲಿಂಕ್ಸ್ ಎಎಂಡಿಯ ಪಾಲಾಯಿತು.

ಇಷ್ಟಾದರೂ ಒಂದು ತೊಡಕು ಉಳಿದೇ ಇದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಸಾಫ್ಟ್‌ವೇರ್ ಕೆಲವೇ ಕ್ಷಣಗಳಲ್ಲಿ ಸಿದ್ಧವಾದರೆ, ದೊಡ್ಡ ಎಫ್‌ಪಿಜಿಎಗೆ ಹೊಸ ಮಂಡಲವನ್ನು ಹೊಂದಿಸಲು ಗಂಟೆಗಳೇ ಬೇಕು; ಬಳಕೆದಾರನ ಪ್ರಶ್ನೆ ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ಮಂಡಲವನ್ನು ಹಾಗೆಯೇ ಉಳಿಸಿಕೊಂಡು ಹುಡುಕಬೇಕಾದ ಪದವನ್ನು ಮಾತ್ರ ಒಳಗಿನ ಪುಟ್ಟ ಮೆಮೊರಿಗಳಲ್ಲಿ ಬದಲಿಸುವುದು, ಇಲ್ಲವೇ ಮೊದಲೇ ಸಿದ್ಧಪಡಿಸಿಟ್ಟ ತುಣುಕುಗಳನ್ನು ಚಿಪ್ಪಿನ ಒಂದು ಭಾಗಕ್ಕಷ್ಟೇ ತುಂಬುವುದು ರೂಢಿಯಾಗಿದೆ. ಪದ ಸರಳವಾಗಿದ್ದರೆ ಮೊದಲನೆಯ ಉಪಾಯವೇ ಸಾಕು. ವಿನ್ಯಾಸ ಜಟಿಲವಾದಂತೆಲ್ಲ ಅಂಥ ಸಾಮಾನ್ಯ ಮಂಡಲವು ಚಿಪ್ಪಿನ ಹೆಚ್ಚು ಜಾಗವನ್ನು ನುಂಗುತ್ತದೆ, ಏಕಕಾಲಕ್ಕೆ ಹುಡುಕಬಹುದಾದ ಪದಗಳ ಸಂಖ್ಯೆಯೂ ಇಳಿಯುತ್ತದೆ.