ಕಟ್ಟಡಕ್ಕೆ 4210, ಡಾಕ್ಟರಿಗೆ 2210

ಕಳೆದ ವಾರ ಶಿರಸಿಯ ನಮ್ಮ ಮನೆ ಜಗಲಿಗೆ ಐದು ಜನ ಬಂದಿದ್ದರು. ಘಟ್ಟದ ಅಂಚಿನ ಊರಿನವರು. ಮುಂದಾಳು ಒಬ್ಬ ನಿವೃತ್ತ ಮಾಸ್ತರರು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ‘ರಾಯರೇ, ಒಂದು ಮನವಿ ಬರೆದಿದ್ದೇವೆ. ನಾಡಿದ್ದು ಶಾಸಕರು ಬರ್ತಾರೆ. ಸ್ವಲ್ಪ ಕಣ್ಣಾಡಿಸಿ ಕೊಡಿ’ ಎಂದರು. ಕವಳದ ಹರಿವಾಣ ಅವರ ಕಡೆ ಸರಿಸಿ ಓದತೊಡಗಿದೆ. ಮೊದಲ ಸಾಲು ಹೀಗಿತ್ತು: ‘ನಮ್ಮ ಭಾಗಕ್ಕೆ ಸುಸಜ್ಜಿತವಾದ ಆಸ್ಪತ್ರೆ ಕಟ್ಟಡವೊಂದನ್ನು ಮಂಜೂರು ಮಾಡಿಸಿಕೊಡಬೇಕಾಗಿ ವಿನಂತಿ.’

ಕನ್ನಡಕ ತೆಗೆದು ಪಕ್ಕಕ್ಕಿಟ್ಟೆ. ಈ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ನನ್ನ ಕಥೆ ಎರಡೇ ಮಾತು. ಆರೋಗ್ಯ ಇಲಾಖೆಗೆ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಅಧೀಕ್ಷಕನಾಗಿ ನಿವೃತ್ತನಾದೆ. ನಡುವೆ ಕೆಲವು ವರ್ಷ ಶಾಸಕರೊಬ್ಬರ ಆಪ್ತ ಸಹಾಯಕನಾಗಿ ನಿಯೋಜನೆ ಮೇಲೆ ಹೋಗಿದ್ದೆ. ಹಾಗಾಗಿ ಸದನದಲ್ಲಿ ಕೇಳುವ ಪ್ರಶ್ನೆ ಬರೆದ ಕೈಯೂ ಇದೇ, ಅದಕ್ಕೆ ಉತ್ತರ ಬರೆದ ಕೈಯೂ ಇದೇ. ನಾನು ಹೇಳುವುದು ನನ್ನ ಕಾಲದ ಅನುಭವ. ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ, ಇದನ್ನೇ ಹಿಡಿದು ಯಾರ ಹತ್ತಿರವೂ ವಾದಕ್ಕೆ ನಿಲ್ಲಬೇಡಿ.

ನಮ್ಮ ಜನರಿಗೆ ಬೇಕಾದದ್ದು ಆಸ್ಪತ್ರೆ. ಬರೆಯುವುದು ಕಟ್ಟಡ. ಸರ್ಕಾರ ಕಾಗದದಲ್ಲಿ ಇದ್ದದ್ದನ್ನು ಕೊಡುತ್ತದೆ, ಮನಸ್ಸಿನಲ್ಲಿ ಇದ್ದದ್ದನ್ನಲ್ಲ.

ಬಜೆಟ್ ಪುಸ್ತಕದಲ್ಲಿ ಪ್ರತಿ ಖರ್ಚಿಗೂ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. ಆರೋಗ್ಯದ ಮಟ್ಟಿಗೆ ಎರಡು ನಂಬರ್ ನೆನಪಿಟ್ಟುಕೊಂಡರೆ ಸಾಕು. 4210 ಅಂದರೆ ಬಂಡವಾಳ ವೆಚ್ಚ, ಕಟ್ಟಡ ಬರುವುದು ಇಲ್ಲಿ. 2210 ಅಂದರೆ ವರ್ಷ ವರ್ಷವೂ ಆಗುವ ಖರ್ಚು. ಡಾಕ್ಟರ ಸಂಬಳ, ನರ್ಸ್ ಸಂಬಳ, ಔಷಧಿ ಎಲ್ಲ ಇದರಲ್ಲಿ. 4210ರಲ್ಲಿ ಕೋಟಿಗಟ್ಟಲೆ ಬಂತು ಅಂತ 2210ಕ್ಕೆ ಒಂದು ಪೈಸೆಯೂ ತಾನಾಗಿ ಹರಿದು ಬರುವುದಿಲ್ಲ. ಅದಕ್ಕೆ ಬೇರೆ ಪ್ರಸ್ತಾವನೆ, ಬೇರೆ ಕಡತ, ಆರ್ಥಿಕ ಇಲಾಖೆಯ ಬೇರೆ ಸಹಮತಿ.

ಮಾಸ್ತರರಿಗೆ ಇದನ್ನು ಅಡಿಕೆ ತೋಟದ ಲೆಕ್ಕದಲ್ಲಿ ಹೇಳಿದೆ. ಬಾವಿ ತೋಡಿಸುವುದು ಒಂದು ಸಲದ ಖರ್ಚು, ಸಾಲ ಮಾಡಿಯಾದರೂ ಮಾಡಿಸುತ್ತೀರಿ. ಊರವರೆಲ್ಲ ಬಂದು ನೋಡಿಕೊಂಡೂ ಹೋಗುತ್ತಾರೆ. ಆದರೆ ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವವನು, ಸುಗ್ಗಿಯಲ್ಲಿ ಮರ ಏರುವ ಕೊನೆಗೌಡ, ಅವರಿಗೆ ಪ್ರತಿ ವರ್ಷ ಕೊಡಬೇಕು. ಕೊನೆಗೌಡ ಬರದಿದ್ದರೆ ಹೊಸ ಬಾವಿ ಇಟ್ಟುಕೊಂಡು ಏನು ಮಾಡುತ್ತೀರಿ? ಬಗ್ಗಿ ಮುಖ ನೋಡಿಕೊಳ್ಳಬಹುದು ಅಷ್ಟೆ. ಮಾಸ್ತರರು ನಕ್ಕರು. ಅರ್ಥವಾಯಿತು ಅಂದುಕೊಂಡೆ.

ಹುದ್ದೆಯ ವಿಷಯದಲ್ಲೂ ಮೂರು ಮೆಟ್ಟಿಲು ಇವೆ, ಜನ ಮೂರನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೊದಲು ಹುದ್ದೆ ಸೃಜನೆ ಆಗಬೇಕು. ಅಂದರೆ ಈ ಆಸ್ಪತ್ರೆಯಲ್ಲಿ ಇಂಥ ತಜ್ಞರ ಹುದ್ದೆ ಇದೆ ಅಂತ ಆದೇಶ ಆಗಬೇಕು. ಆಮೇಲೆ ಅದು ಭರ್ತಿ ಆಗಬೇಕು. ಭರ್ತಿ ಆದವರು ಅಲ್ಲೇ ಇರಬೇಕು. ಈ ಮೂರನೆಯದೇ ದೊಡ್ಡ ತಮಾಷೆ. ಪುಸ್ತಕದಲ್ಲಿ ಡಾಕ್ಟರು ನಿಮ್ಮೂರಿನವರು, ಸಂಬಳವೂ ನಿಮ್ಮೂರಿನ ಹುದ್ದೆಯಲ್ಲಿ, ಕೆಲಸ ಮಾತ್ರ ಬೇರೆ ತಾಲೂಕಿನಲ್ಲಿ. ಇದಕ್ಕೆ ನಿಯೋಜನೆ ಅನ್ನುತ್ತೇವೆ. ‘ಹುದ್ದೆ ಖಾಲಿ ಇದೆಯೇ?’ ಎಂದು ಕೇಳಿದರೆ ‘ಭರ್ತಿಯಾಗಿರುತ್ತದೆ’ ಎಂದು ಉತ್ತರ ಬರೆಯಬಹುದು, ಅದರಲ್ಲಿ ಸುಳ್ಳಿಲ್ಲ. ಅಂಥ ಉತ್ತರವನ್ನು ನಾನೇ ಬರೆದಿದ್ದೇನೆ. ಹೆಮ್ಮೆಯಿಂದ ಹೇಳುತ್ತಿಲ್ಲ.

ಒಂದು ಆಸ್ಪತ್ರೆ ನೆನಪಾಗುತ್ತದೆ. ಊರು ಬೇಡ. ಹೊಸ ಶಸ್ತ್ರಚಿಕಿತ್ಸಾ ಕೊಠಡಿ, ಮೇಲೆ ದೊಡ್ಡ ದೀಪ. ಆ ದೀಪಕ್ಕೆ ಕಂಪನಿಯವರು ಹಾಕಿ ಕಳಿಸಿದ್ದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಎರಡು ಮಳೆಗಾಲ ಕಳೆದ ಮೇಲೂ ಇತ್ತು, ಒಳಗೆ ಬೂಷ್ಟು ಹಿಡಿದಿತ್ತು. ಯಾಕೆ ಅಂದರೆ ಹೆರಿಗೆ ಡಾಕ್ಟರು ಇದ್ದರು, ಅನಸ್ತೇಶಿಯಾ ಡಾಕ್ಟರು ಇರಲಿಲ್ಲ. ಸಿಸೇರಿಯನ್ ಆಗಬೇಕಾದರೆ ಹೆರಿಗೆಯವರು, ಅನಸ್ತೇಶಿಯಾದವರು, ಮಗುವನ್ನು ನೋಡುವ ಮಕ್ಕಳ ಡಾಕ್ಟರು, ಮೂವರೂ ಬೇಕು. ಇಬ್ಬರಿದ್ದರೆ ಮೂರರಲ್ಲಿ ಎರಡು ಪಾಲು ಆಸ್ಪತ್ರೆ ಆಗುವುದಿಲ್ಲ. ಆಂಬುಲೆನ್ಸ್ ಮತ್ತೆ ಘಟ್ಟ ಇಳಿಯುತ್ತದೆ, ಇಲ್ಲಾ ಹುಬ್ಬಳ್ಳಿ ದಾರಿ ಹಿಡಿಯುತ್ತದೆ. ಅಲ್ಲಿನ ಆಯಾ ನನಗೆ ಹೇಳಿದ್ದು: ‘ದಿನಾ ಒರೆಸ್ತೇನೆ ಸಾಹೇಬ್ರೆ. ಯಾರಿಗೆ ಅಂತ ಮಾತ್ರ ಗೊತ್ತಿಲ್ಲ.’

ಕರಾವಳಿಯ ಕಥೆಯೂ ಬೇರೆಯಲ್ಲ. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಆದರೂ ದೊಡ್ಡ ಕಾಯಿಲೆ ಅಂದರೆ ಕಾರವಾರದವರು ಗೋವಾ ಕಡೆ, ಭಟ್ಕಳ ಹೊನ್ನಾವರದವರು ಮಣಿಪಾಲದ ಕಡೆ ಮುಖ ಮಾಡುತ್ತಾರೆ. 2018ರ ಜನವರಿಯಿಂದ ಗೋವಾ ಸರ್ಕಾರ ಹೊರಗಿನವರಿಗೆ ಶುಲ್ಕ ಹಾಕಿದಾಗ ನಮ್ಮವರಿಗೆ ತಮ್ಮ ಮನೆಯ ಬಡತನ ಕಂಡಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಹೋದರು. ಆ ವಿಡಿಯೋ ನೋಡಿದವರಿಗೆ ಮರೆಯುವುದು ಕಷ್ಟ. ಆಮೇಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕೂಗು ಜೋರಾಯಿತು. ಆ ಕೂಗು ನ್ಯಾಯವಾದದ್ದೇ, ಅನುಮಾನವಿಲ್ಲ. ನನ್ನ ತಕರಾರು ಒಂದೇ. ‘ಎಲ್ಲಿ ಕಟ್ಟಬೇಕು’ ಅಂತ ಕುಮಟೆಯವರು, ಶಿರಸಿಯವರು, ಕಾರವಾರದವರು ವರ್ಷಗಟ್ಟಲೆ ಜಗ್ಗಾಡಿದ್ದೇವೆ. ‘ಅದರಲ್ಲಿ ಯಾರು ಕೂತಿರಬೇಕು’ ಅಂತ ಕೇಳಿದವರು ಕಡಿಮೆ.

ಇನ್ನು ಶಾಸಕರ ಕೆಲಸ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ 12 ತಾಲೂಕು, 6 ಶಾಸಕರು. 224 ಜನರ ಸದನದಲ್ಲಿ ನಮ್ಮ ಪಾಲು ಇಷ್ಟೇ. ಆಸ್ಪತ್ರೆ ಅನ್ನುವುದು ಸಂವಿಧಾನದಲ್ಲಿ ರಾಜ್ಯದ ಪಟ್ಟಿಯಲ್ಲಿ ಇದೆ, ಹಾಗಾಗಿ ಸಂಸದರ ಬೆನ್ನು ಹತ್ತುವುದಕ್ಕಿಂತ ಮೊದಲು ಈ ಆರು ಜನರನ್ನು ಹಿಡಿಯಿರಿ. ಆದರೆ ಜನ ಅವರನ್ನು ಹಿಡಿಯುವುದು ಯಾವುದಕ್ಕೆ? ಬೆಡ್ ಕೊಡಿಸಿ, ಬಿಲ್ ಕಡಿಮೆ ಮಾಡಿಸಿ, ಡಾಕ್ಟರಿಗೆ ಒಂದು ಫೋನ್ ಮಾಡಿ. ರಾತ್ರಿ ಎರಡು ಗಂಟೆಗೆ ಬರುವ ಆ ಫೋನುಗಳನ್ನು ಎತ್ತುತ್ತಿದ್ದವನು ನಾನು. ತಾಯಿಗೆ ಉಸಿರು ಸಿಗುತ್ತಿಲ್ಲ ಅಂತ ಅಳುವ ಹುಡುಗನಿಗೆ ‘ಇದು ಶಾಸಕರ ಕೆಲಸ ಅಲ್ಲಪ್ಪ’ ಅನ್ನಲು ಬಾಯಿ ಬರುವುದಿಲ್ಲ. ಅಂದೂ ಇಲ್ಲ. ಆದರೆ ಒಂದು ಫೋನಿಗೆ ಒಬ್ಬನಿಗೆ ಬೆಡ್ ಸಿಕ್ಕಿದರೆ ಸಾಲಿನಲ್ಲಿ ಅವನ ಮುಂದೆ ಇದ್ದವನ ಗತಿ ಏನು, ಅಲ್ವಾ? ಶಾಸಕರಿಗೆ ಕಾನೂನು ಕೊಟ್ಟಿರುವ ಆಯುಧ ಫೋನಲ್ಲ. ಪ್ರಶ್ನೆ.

ವಿಧಾನಸಭೆ ಪ್ರಶ್ನೆಗೆ ಕಚೇರಿಯಲ್ಲಿ ಎಲ್‌ಎಕ್ಯೂ ಅನ್ನುತ್ತೇವೆ. ‘ಎಲ್‌ಎಕ್ಯೂ ಬಂದಿದೆ’ ಅಂದರೆ ಆ ದಿನ ಯಾರೂ ಐದೂವರೆಗೆ ಮನೆಗೆ ಹೋಗುವಂತಿಲ್ಲ. ಅಧಿಕಾರಿ ಊಟ ಬಿಟ್ಟು ಓಡಾಡುವುದನ್ನು ನೋಡಬೇಕಾದರೆ ಆ ದಿನ ಬರಬೇಕು. ಧರಣಿಗೆ, ಪತ್ರಿಕೆಯ ಸುದ್ದಿಗೆ ಅಷ್ಟು ಹೆದರಿದ್ದನ್ನು ನಾನು ಕಂಡಿಲ್ಲ.

ಆದರೆ ಪ್ರಶ್ನೆ ಸರಿಯಾಗಿರಬೇಕು. ಪ್ರಶ್ನೆ ಎಡಗಡೆ, ಉತ್ತರ ಬಲಗಡೆ, ಅ, ಆ, ಇ ಅಂತ ಭಾಗ. ಒಮ್ಮೆ ಬಂದದ್ದು: ‘(ಅ) ತಾಲೂಕು ಆಸ್ಪತ್ರೆಯಲ್ಲಿ ಮೂಲ ಸೌಕರ್ಯದ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?’ ಬಲಗಡೆ ಏನು ಬರೆದರು ಗೊತ್ತಾ? (ಅ)ಗೆ ‘ಇಲ್ಲ’. (ಆ)ಗೆ ‘ಉದ್ಭವಿಸುವುದಿಲ್ಲ’. ಮುಗಿಯಿತು. ಎರಡು ಪದದಲ್ಲಿ ಇಡೀ ತಾಲೂಕಿನ ನರಳಾಟ ಮುಗಿಯಿತು. ಆ ದಿನ ನಾವು ಐದೂವರೆಗೇ ಮನೆಗೆ ಹೋದೆವು.

ಇನ್ನೊಂದು ಹೇಳುತ್ತೇನೆ, ಇದು ನಾನು ಆಪ್ತ ಸಹಾಯಕನಾಗಿದ್ದಾಗ ಬರೆದದ್ದು. ಮಂಗನ ಕಾಯಿಲೆಯ ಬಗ್ಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಅದು. ಪಕ್ಕದ ಸಿದ್ದಾಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವ ತನಕ ಉಣುಗಿನ ಕಾಟ. ದರಕು ಗುಡಿಸಲು, ಕಟ್ಟಿಗೆ ತರಲು ಕಾಡಿಗೆ ಹೋಗುವವರು ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಆಗ ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ಡೆಪಾ. ಶಾಸಕರು ‘ಸರ್ಕಾರ ಏನು ಕ್ರಮ ಕೈಗೊಂಡಿದೆ ಅಂತ ಹಾಕು’ ಎಂದರು. ನಾನು ಬೇಡ ಎಂದೆ. ‘ಯಾವ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಯಾವ ದಿನಾಂಕದಂದು, ಎಷ್ಟು ಬಾಟಲಿ ಎಣ್ಣೆ ತಲುಪಿದೆ?’ ಎಂದು ಬರೆದೆ. ದಿನಾಂಕ ಕೇಳಿದರೆ ದಿನಾಂಕವನ್ನೇ ಬರೆಯಬೇಕು, ‘ಉದ್ಭವಿಸುವುದಿಲ್ಲ’ ಅನ್ನಲು ಬರುವುದಿಲ್ಲ. ಉತ್ತರದ ಜೊತೆ ಅನುಬಂಧವಾಗಿ ಪಟ್ಟಿ ಬಂತು. ಕೆಲವು ಕಡೆ ಎಣ್ಣೆ ತಲುಪಿದ್ದು ಶಿವರಾತ್ರಿ ಕಳೆದ ಮೇಲೆ. ಮರು ವರ್ಷ ಬೇಗ ಬಂತು. ನನ್ನ ಪ್ರಶ್ನೆಯಿಂದಲೇ ಬಂತು ಅನ್ನಲಾರೆ. ಬಂತು, ಅಷ್ಟೆ.

ಈಗ ಸದನದ ಶಿಸ್ತಿನ ಮಾತು. ಆರೋಗ್ಯಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳುತ್ತಾರೆ. ಇದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಬಾಯಲ್ಲಿ ಉತ್ತರ ಹೇಳಬೇಕು, ಶಾಸಕರು ಎದ್ದು ಉಪಪ್ರಶ್ನೆ ಕೇಳಬಹುದು. ಪ್ರಶ್ನೆಯ ಜೀವ ಇರುವುದೇ ಆ ಉಪಪ್ರಶ್ನೆಯಲ್ಲಿ. ‘ಭರ್ತಿ ಆಗಿದೆ ಎಂದಿರಿ, ಅವರು ನಿನ್ನೆ ಎಲ್ಲಿ ಡ್ಯೂಟಿ ಮಾಡಿದರು?’ ಎಂದು ಕೇಳುವುದು ಅಲ್ಲಿ. ಆದರೆ ಬೆಳಿಗ್ಗೆಯೇ ಯಾರೋ ಸದನದ ಬಾವಿಗಿಳಿದರೆ ಪ್ರಶ್ನೋತ್ತರ ಕಲಾಪ ಹೋಯಿತು. ಉತ್ತರಗಳನ್ನು ‘ಸದನದ ಮುಂದೆ ಮಂಡಿಸಲಾಗಿದೆ’ ಎಂದು ಸುಮ್ನೆ ಇಟ್ಟುಬಿಡುತ್ತಾರೆ. ಉಪಪ್ರಶ್ನೆ ಇಲ್ಲ. ಗದ್ದಲದ ದಿನ ಅಧಿಕಾರಿಗಳ ಗ್ಯಾಲರಿಯಲ್ಲಿ ಎಂಥ ನಿಟ್ಟುಸಿರು ಬರುತ್ತದೆ ಅಂತ ನಾನು ಕೇಳಿದ್ದೇನೆ. ಅದು ನೆಮ್ಮದಿಯ ಉಸಿರು. ಮತ್ತೆ ನಮ್ಮ ಜನ ವಾಟ್ಸಾಪಿನಲ್ಲಿ ಹಂಚುವುದು ಯಾವ ವಿಡಿಯೋ? ಕಾಗದ ಹರಿದು ಎಸೆದದ್ದು. ‘ಹುಲಿ’ ಅಂತ ಕೆಳಗೆ ಬರೆದಿರುತ್ತಾರೆ. ಕೂತು ಮೂರು ಉಪಪ್ರಶ್ನೆ ಕೇಳಿದವರ ವಿಡಿಯೋ ಯಾರೂ ಕಳಿಸಿದ್ದಿಲ್ಲ.

ಮಂತ್ರಿಗಳು ಸದನದಲ್ಲಿ ‘ಮಾಡುತ್ತೇವೆ’ ಎಂದರೆ ಅದು ಭಾಷಣವಲ್ಲ, ಭರವಸೆ. ಅದನ್ನು ಹಿಂಬಾಲಿಸಲು ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಇದೆ. ಲೋಕಸಭೆಯಲ್ಲಿ ಇಂಥ ಸಮಿತಿ 1953ರಿಂದ ಇದೆ. ಯಾವ ಮಾತು ಭರವಸೆ ಅನ್ನಿಸಿಕೊಳ್ಳುತ್ತದೆ ಅನ್ನುವುದಕ್ಕೆ ಅಲ್ಲಿ ಪಟ್ಟಿಯನ್ನೇ ಮಾಡಿಟ್ಟಿದ್ದಾರೆ, ‘ಪರಿಶೀಲನೆಯಲ್ಲಿದೆ’ ಅನ್ನುವುದೂ ಅದರಲ್ಲಿ ಸೇರುತ್ತದೆ. ಮೂರು ತಿಂಗಳ ಒಳಗೆ ಈಡೇರಿಸಬೇಕು, ಆಗದಿದ್ದರೆ ಹೆಚ್ಚು ಸಮಯ ಕೇಳಬೇಕು. ಅದೇ ಮಾತನ್ನು ಜಾತ್ರೆಯ ವೇದಿಕೆಯಲ್ಲಿ ಹೇಳಿದರೆ ಚಪ್ಪಾಳೆ ಬಿಟ್ಟು ಏನೂ ಇಲ್ಲ.

ಒಮ್ಮೆ ನಮ್ಮ ಶಾಸಕರನ್ನು ಒಂದು ಸಮಿತಿಗೆ ಹಾಕಿದರು. ‘ಬೇರೆ ಕಡೆ ಹೇಗೆ ಮಾಡ್ತಾರೆ, ನೋಡೋ’ ಎಂದರು. ಓದುತ್ತಾ ಹೋದಾಗ ಇಂಗ್ಲೆಂಡಿನ ಕೆವಿನ್ ಬ್ಯಾರನ್ ಅನ್ನುವವರು ಸಿಕ್ಕರು. ಕಲ್ಲಿದ್ದಲು ಗಣಿಯಲ್ಲಿ ದುಡಿದು 1983ರಲ್ಲಿ ಸಂಸತ್ತಿಗೆ ಬಂದವರು. 2005ರಿಂದ 2010ರ ತನಕ ಆರೋಗ್ಯ ಸಮಿತಿಯ ಅಧ್ಯಕ್ಷರು. ಅಲ್ಲಿನ ಸರ್ಕಾರ ಸಾರ್ವಜನಿಕ ಕಟ್ಟಡಗಳ ಒಳಗೆ ಸಿಗರೇಟು ಸೇದುವುದನ್ನು ನಿಷೇಧಿಸುವ ಮಸೂದೆ ತಂದಾಗ ಊಟ ಕೊಡದ ಪಬ್ಬುಗಳಿಗೆ, ಸದಸ್ಯರ ಕ್ಲಬ್ಬುಗಳಿಗೆ ವಿನಾಯಿತಿ ಇಟ್ಟಿತ್ತು. ಸರ್ಕಾರ ಅವರದೇ ಪಕ್ಷದ್ದು. ಆದರೂ ಸಮಿತಿ ವಿನಾಯಿತಿ ಬೇಡ ಎಂದು ವರದಿ ಕೊಟ್ಟಿತು. 2006ರ ಫೆಬ್ರವರಿಯಲ್ಲಿ ಸದಸ್ಯರಿಗೆ ಇಷ್ಟ ಬಂದಂತೆ ಮತ ಹಾಕಲು ಬಿಟ್ಟಾಗ ಪೂರ್ತಿ ನಿಷೇಧವೇ ಗೆದ್ದಿತು. 2007ರ ಜುಲೈ 1ರಿಂದ ಜಾರಿ. ಅದೇ ಮನುಷ್ಯ ಮುಂದೆ ಸದಸ್ಯರ ನಡತೆ ನೋಡುವ ಸಮಿತಿಗೂ ಅಧ್ಯಕ್ಷರಾದರು. ನಮ್ಮಲ್ಲಿ 2015ರಲ್ಲಿ ಏನಾಯಿತು ನೆನಪಿದೆಯಾ? ತಂಬಾಕು ಪೊಟ್ಟಣದ ಮೇಲೆ ಶೇಕಡಾ 85 ಜಾಗದಲ್ಲಿ ಎಚ್ಚರಿಕೆ ಚಿತ್ರ ಹಾಕಬೇಕೋ ಬೇಡವೋ ಎಂದು ನೋಡುವ ಸಂಸದೀಯ ಸಮಿತಿಯಲ್ಲಿ ಬೀಡಿ ಉದ್ಯಮಿಯೊಬ್ಬರು ಸದಸ್ಯರಾಗಿದ್ದರು. ಆ ನಿಯಮ ಒಂದು ವರ್ಷ ತಡವಾಗಿ, 2016ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಸ್ಪತ್ರೆ ಸಮಿತಿಗೆ ಶಾಸಕರನ್ನು ಹಾಕಿದಾಗ ಅವರ ಮನೆಯವರ ನರ್ಸಿಂಗ್ ಹೋಮ್ ಎಲ್ಲಿದೆ ಅಂತ ವಿಚಾರಿಸುವುದು ಚಾಡಿ ಅಲ್ಲ.

ದಾರಿ ತಪ್ಪಿದೆ. ಮಾಸ್ತರರ ಮನವಿಗೆ ಬರುತ್ತೇನೆ.

ಅವರೆದುರೇ ಕೂತು ಬೇರೆ ಬರೆದೆ. ‘ಸುಸಜ್ಜಿತ’ ಹೊಡೆದು ಹಾಕಿದೆ. ಈಗಿನ ಆರೋಗ್ಯ ಕೇಂದ್ರದಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ನಿಯೋಜನೆ ಮೇಲೆ ಹೊರಗೆ ಇರುವವರು ಎಷ್ಟು, ರಾತ್ರಿ ಪಾಳಿಗೆ ಯಾರು? ಇಷ್ಟನ್ನು ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಬೇಕೆಂದು ವಿನಂತಿ. ಗುಡ್ಡಗಾಡಿಗೆ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಬಯಲಿಗೆ 30,000ಕ್ಕೆ ಒಂದು ಅನ್ನುವ ಮಾನದಂಡ ಇದೆ, ನಮ್ಮನ್ನು ಯಾವುದರಲ್ಲಿ ಲೆಕ್ಕ ಹಾಕಿದ್ದೀರಿ ಅಂತಲೂ ಸೇರಿಸಿದೆ. ಒಂದೇ ಹಾಳೆ. ಮಾಸ್ತರರು ಎರಡು ಸಲ ಓದಿದರು. ‘ಚೆನ್ನಾಗಿದೆ ರಾಯರೇ, ಖಡಕ್ಕಾಗಿದೆ’ ಎಂದು ಹೊರಟರು.

ರಾತ್ರಿ ಊಟಕ್ಕೆ ಕೂತಾಗ ಫೋನ್ ಬಂತು. ‘ರಾಯರೇ, ಎಲ್ಲರಿಗೂ ಓದಿ ಹೇಳಿದೆ, ಒಪ್ಪಿದರು. ಒಂದೇ ಒಂದು ಮಾತು. ಕೊನೆಯಲ್ಲಿ, ಸಣ್ಣದಾಗಿ, ಹೊಸ ಕಟ್ಟಡ ಅಂತಲೂ ಹಾಕಬಹುದಾ? ಊರಿನವರು ಜಾಗ ನೋಡಿಟ್ಟಿದ್ದಾರೆ.’